ಮೂರು ಸರ್ವರು, ಸಾವಿರ ರೊಟ್ಟಿ

ಗದುಗಿನಲ್ಲಿ ದ್ಯಾಮವ್ವ ಅಂತ ಒಬ್ಬಳು ರೊಟ್ಟಿ ಬಡಿದು ಮಾರುವವಳು. ಮಗ ಯಮನೂರ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವಳ ಗೋಳು. ಅವನು ವ್ಯಾಪಾರ ನೋಡಿಕೊಳ್ಳುವ ಎಐಗೆ, ಕೇಳಿದ್ದಕ್ಕೆ ಉತ್ತರ ಕೊಡುವ ಮೂರು ಸರ್ವರ್ ತಂದಿದ್ದ: ಆರ್ಡರ್ ಹಿಡಿಯಲು ಒಂದು, ಹಿಟ್ಟು ನೋಡಲು ಒಂದು, ಟೆಂಪೊ ಕಳಿಸಲು ಒಂದು. ಮೂರು ಕಡೆ ಕೇಳಿ ಕೇಳಿ ದ್ಯಾಮವ್ವನಿಗೆ ಸಾಕಾಯಿತು.

"ಸೋಮವಾರ ಮದುವಿಗೆ ಸಾವಿರ ರೊಟ್ಟಿ ಕೊಡೂದೈತಿ. ಕೆಟ್ರ ಇನ್ನ ಯಾರೂ ನಮ್ಮ ಕಡೆ ಬರೂದಿಲ್ಲ. ಮೂರೂ ಸರ್ವರ್ ನಮ್ಮ ಮನಿ ಕಂಪ್ಯೂಟರಿನ್ಯಾಗ ಒಂದ ಕಡೆ ಸೇರಸು."

ಸೇರಿಸಿದ. "ಹಿಟ್ಟು ಎಷ್ಟೈತಿ?" ಅಂತ ಕೇಳಿದರೆ ಮೂರೂ ಒಟ್ಟಿಗೆ ಹೇಳಿದವು: ಸಾವಿರ, ಎರಡು ಚೀಲ, ಟೆಂಪೊ ಖಾಲಿ.

"ಸಂತಿ ಮಾಡಿಟ್ಟೀಯಲ್ಲೋ. ಒಬ್ಬರ ಮಾತು ಮುಗಿಯೂತನಕ ಉಳದವರು ಸುಮ್ಮನಿರಬೇಕು."

ಹಾಗೇ ಮಾಡಿದ. ಆರ್ಡರಿನದು ಹಿಟ್ಟಿನದಕ್ಕೆ ಕಾಯಿತು, ಹಿಟ್ಟಿನದು ಟೆಂಪೊದಕ್ಕೆ ಕಾಯಿತು, ಟೆಂಪೊದು ಆರ್ಡರಿನದಕ್ಕೆ ಕಾಯಿತು. ಮಧ್ಯಾಹ್ನದವರೆಗೆ ಒಂದೂ ತುಟಿ ಬಿಚ್ಚಲಿಲ್ಲ.

"ಹಿಂಗ ನಿಂತ್ರ ನನ್ನ ಕೇಳಿ ಮುಂದ ಹೋಗಬೇಕಲ್ಲೋ."

ಹಾಗೇ ಮಾಡಿದ. ದ್ಯಾಮವ್ವ ಹಂಚಿನ ಮುಂದೆ ಕೂತರೆ ಇವನು ಹೊರಗಿನಿಂದಲೇ ಕೂಗಿದ. "ಅವ್ವಾ, ತಾರೀಖು ನೋಡಲೇನು ಅಂತೈತಿ." "ಅವ್ವಾ, ಮದುವಿ ಯಾರದು ಅಂತ ಓದಲೇನು ಅಂತೈತಿ." ಎದುರು ಮನೆಯ ಕಲ್ಲವ್ವನೂ ರೊಟ್ಟಿ ಮಾರುವವಳೇ. ಕಿವಿಗೊಟ್ಟು ಎಲ್ಲಾ ಕೇಳಿದಳು.

"ಏನೂ ಕೇಳಬ್ಯಾಡೋ ಮಾರಾಯಾ. ಮನಿ ಮಾತು ಮನಿ ದಾಟಬಾರದು, ಅಷ್ಟ ನೋಡ್ಕೋ." ಈ ಬುದ್ಧಿ ಹೇಳಿದ್ದಕ್ಕೆ ದ್ಯಾಮವ್ವ ತನ್ನನ್ನು ತಾನೇ ಜಾಣೆ ಅಂದುಕೊಂಡಳು.

ಸೋಮವಾರ ಬಂತು. ಮನೆಯಲ್ಲಿ ಜಾಗ ಸಾಲದೆ ಮಾರ್ಕೆಟ್ಟಿನ ಶೆಡ್ಡಿನಲ್ಲಿ ಬಡಿದ ರೊಟ್ಟಿ ಟೆಂಪೊಗೆ ಏರಿಸಿ ದ್ಯಾಮವ್ವ ಮುಂಚೆಯೇ ಮಂಟಪಕ್ಕೆ ಹೋದಳು. ಎಲೆ ಹಾಕಿದರು, ಪಲ್ಯ ಬಡಿಸಿದರು, ರೊಟ್ಟಿ ಇಲ್ಲ. ಹುಡುಗಿಯ ಅಪ್ಪ ಅವಳನ್ನೇ ನೋಡುತ್ತಿದ್ದ. ಆಗ ಯಮನೂರನ ಫೋನು.

"ಅವ್ವಾ, ರೊಟ್ಟಿ ಮುಟ್ಟಿದವು. ಒಂದೂ ಮುರದಿಲ್ಲ."

"ಎಲ್ಲಿ ಮುಟ್ಟಿದವೋ?"

"ನಮ್ಮ ಮನ್ಯಾಗ. ಮಂಟಪದ ಅಡ್ರೆಸ್ ಟೆಂಪೊದವಗ ಹೇಳಿದ್ರ ಮಾತು ಮನಿ ದಾಟತಿತ್ತಲ್ಲ."

ಕೆಟ್ಟದ್ದೆಲ್ಲಾ ತಾನು ಹೇಳಿದ ಹಾಗೇ ಆಗಿತ್ತು. ಆದರೂ ಬುದ್ಧಿ ಹೇಳುವ ಚಟ ಬಿಡಬೇಕಲ್ಲ.

"ರೊಟ್ಟಿ, ಊಟದ ಮಂದಿ ಈಗಿಂದೀಗ ಒಂದ ಕಡೆ ಸೇರಬೇಕು. ಹೆಂಗರ ಮಾಡು, ಲಗೂನ ಮಾಡು."

ಹಾಗೇ ಮಾಡಿದ. ಕಾಲು ಗಂಟೆಯಲ್ಲಿ ಟೆಂಪೊ ಮಂಟಪದ ಮುಂದೆ ನಿಂತಿತು. ಒಳಗೆ ಒಂದು ರೊಟ್ಟಿಯೂ ಇರಲಿಲ್ಲ.

"ಊಟದ ಮಂದಿನ್ನ ದ್ಯಾಮವ್ವನ ಮನಿಗೆ ಹಾಕು ಅಂತ ಬಂದೈತ್ರಿ. ಲಗೂನ ಹತ್ರಿ, ಮದುಮಕ್ಕಳು ಮುಂದ ಕೂಡ್ರಿ" ಅಂದ ಡ್ರೈವರ್.

ಎಲ್ಲರೂ ದ್ಯಾಮವ್ವನ ಮುಖ ನೋಡಿದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಎಲ್ಲರಿಗಿಂತ ಮೊದಲು ತಾನೇ ಹತ್ತಿ ಕೂತಳು.