ಒಂದೇ ಲೆನ್ಸಿನ ಚಿಕ್ಕತಾಯಿ

“ಅರಮನೆಯ ಪಟಗಾರರಾಗಬೇಕೆನ್ನುವವರು ನಾಳೆ ಬೆಳಿಗ್ಗೆ ಆಸ್ಥಾನಕ್ಕೆ ಬರತಕ್ಕದ್ದು. ದೊರೆಗಳು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಖಜಾನೆಯ ನೂರೆಂಟು ಲೆನ್ಸುಗಳು. ಒಂದು ತಪ್ಪಿದರೂ ಕ್ಯಾಮೆರಾ ಒತ್ತುವ ಬೆರಳು ಸಂಜೆಯೊಳಗೆ ಕೈಯಲ್ಲಿರುವುದಿಲ್ಲ.”

ದೇವಸಾಗರದ ರಾಜ ಭದ್ರಸೇನ ಹೀಗೆ ಡಂಗುರ ಹೊಡೆಸಿದ. ಬೆರಳಿನ ಮಾತು ಕಿವಿಗೆ ಬಿದ್ದದ್ದೇ ಊರಿನ ಅರ್ಧ ಪಟಗಾರರಿಗೆ ಜ್ವರ ಬಂತು, ಉಳಿದರ್ಧಕ್ಕೆ ದೂರದ ನೆಂಟರ ಮದುವೆ ನೆನಪಾಯಿತು. ಕೊನೆಗೆ ಬಂದವರು ಮೂವರೇ. ಸೇನಾಪತಿಯ ಮಗ ವಿಕ್ರಾಂತನ ಹಿಂದೆ ಲೆನ್ಸು ಹೊರಲು ನಾಲ್ಕು ಆಳು. ಲೆನ್ಸಿನ ವರ್ತಕ ಧನಪಾಲನ ಹಿಂದೆ ಒಂದು ಗಾಡಿ ಪೆಟ್ಟಿಗೆ. ಮೂರನೆಯವಳು ಚಿಕ್ಕತಾಯಿ. ಹತ್ತು ವರ್ಷದಿಂದ ಅರಮನೆಯ ಕತ್ತಲೆಕೋಣೆಯಲ್ಲಿ ಬೇರೆಯವರು ತೆಗೆದ ಪಟಗಳನ್ನು ತೊಳೆದು ಹಗ್ಗಕ್ಕೆ ನೇತುಹಾಕುವುದೇ ಅವಳ ಕೆಲಸ. ಅವಳ ಕೊರಳಲ್ಲಿ ಹಳೇ ಕ್ಯಾಮೆರಾ, ಅದಕ್ಕೆ ಒಂದೇ ಒಂದು ಐವತ್ತು ಮಿಲಿಮೀಟರಿನ ಲೆನ್ಸು. ಹಿಂದಿನ ಪಟಗಾರ ಊರು ಬಿಡುವಾಗ ಇದರಿಂದೇನು ಪ್ರಯೋಜನ ಎಂದು ಅವಳ ಕೈಗೆ ಹಾಕಿ ಹೋಗಿದ್ದ.

ನನಗೂ ಪಟ ತೆಗೆಯುವುದನ್ನು ಕಲಿಸಿ ಎಂದು ಅವಳು ಅರಮನೆಯ ಪಟಗಾರರನ್ನು ಮೂರು ಸಲ ಕೇಳಿಕೊಂಡಿದ್ದಳು. ನಿನ್ನ ಕೈಗೆ ನೀರೇ ಸರಿ ಎಂದು ಮೂರು ಸಲವೂ ನಕ್ಕು ಕಳಿಸಿದ್ದರು. ಆ ನಗುವನ್ನು ಅವಳು ಮರೆತಿರಲಿಲ್ಲ. ಬೆರಳು ಹೋದರೆ ಹೋಗಲಿ, ಹೇಗಿದ್ದರೂ ಅದನ್ನು ಇವರು ಬಳಸಲು ಬಿಟ್ಟಿಲ್ಲವಲ್ಲ ಎಂದುಕೊಂಡೇ ಬಂದಿದ್ದಳು.

ಸಿಂಹಾಸನಕ್ಕೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಒಂದು ಕೆಂಪು ಹಗ್ಗ ಕಟ್ಟಿತ್ತು. ಅದನ್ನು ದಾಟಿದವರ ತಲೆ ಉಳಿಯುತ್ತಿರಲಿಲ್ಲ. ಹಾಗಾಗಿ ರಾಜನ ಪಟವನ್ನು ಎಲ್ಲರೂ ಮೊಳದುದ್ದದ ಲೆನ್ಸು ಹಾಕಿ ದೂರದಿಂದಲೇ ತೆಗೆಯುತ್ತಿದ್ದರು.

ರಾಜ ಮೊದಲ ಒಗಟು ಕೇಳಿದ. “ಅಗಲವಾಗಿ ತೆರೆದರೆ ಒಬ್ಬನೇ ಕಾಣುತ್ತಾನೆ. ಕಿರಿದು ಮಾಡಿದರೆ ಹಿಂದಿನ ಊರೆಲ್ಲ ಕಾಣುತ್ತದೆ. ಅದು ಯಾವ ಬಾಗಿಲು?”

ವಿಕ್ರಾಂತ ಮೀಸೆ ತಿರುವಿ, ಸೆರೆಮನೆಯ ಬಾಗಿಲು ಎಂದ. ಭಟರು ಅವನನ್ನು ಪಕ್ಕಕ್ಕೆ ಕರೆದೊಯ್ದರು. ಧನಪಾಲ ಕಸುಬು ಬಲ್ಲವನು, ಲೆನ್ಸಿನೊಳಗಿನ ಕಿಂಡಿ ಎಂದು ಸರಿಯಾಗಿಯೇ ಹೇಳಿದ. ಚಿಕ್ಕತಾಯಿಯ ಸರದಿ ಬಂದಾಗ, ಅದು ಹೇಗೆಂದು ಬಿಡಿಸಿ ಹೇಳು ಎಂದ ರಾಜ.

“ಕಿಂಡಿ ಅಗಲ ಬಿಟ್ರೆ ಎದುರಿಗಿರೋರ ಮೊಕ ಮಾತ್ರ ಚೊಕ್ಕವಾಗಿ ಬತ್ತದೆ ಬುದ್ಧಿ. ಅದಕ್ಕೇ ನಿಮ್ಮ ಪಟದಾಗೆ ನೀವೊಬ್ರೇ ಇರ್ತೀರಿ. ಹಿಂದೆ ನಿಂತ ಜನ ಬರೀ ಮಂಜು. ಹತ್ತು ವರ್ಷದಿಂದ ತೊಳೀತಿವ್ನಿ, ಒಂದು ಮೊಕಾನೂ ಗುರುತು ಸಿಕ್ಕಿಲ್ಲ.”

ರಾಜನ ಹುಬ್ಬು ಗಂಟಿಕ್ಕಿತು, ಆದರೆ ಉತ್ತರ ಸರಿಯಾಗಿತ್ತು.

ಖಜಾನೆಯ ನೂರೆಂಟು ಲೆನ್ಸುಗಳಲ್ಲಿ ಹೊಸದಾಗಿ ಕಲಿಯುವವರ ಕೈಗೆ ಮೊದಲು ಯಾವುದನ್ನು ಕೊಡಬೇಕು ಎಂಬುದು ಎರಡನೆಯ ಒಗಟು. ಧನಪಾಲ ಪೆಟ್ಟಿಗೆ ತೆರೆದು ದೊಡ್ಡದೊಂದು ಜೂಮ್ ಲೆನ್ಸು ಎತ್ತಿ ಹಿಡಿದ. ಹತ್ತಿರ, ದೂರ, ಅಗಲ ಎಲ್ಲವೂ ಇದೊಂದರಲ್ಲೇ ಇದೆ, ಕಲಿಯುವವನು ಕೂತಲ್ಲೇ ಕೂತು ಉಂಗುರ ತಿರುಗಿಸಿದರೆ ಸಾಕು ಎಂದ. ಅವನನ್ನೂ ಪಕ್ಕಕ್ಕೆ ಕರೆದೊಯ್ದರು.

ಚಿಕ್ಕತಾಯಿ ತನ್ನ ಐವತ್ತರದನ್ನು ಮುಟ್ಟಿ ತೋರಿಸಿದಳು. “ಇಂಥದ್ದು, ಕಣ್ಣು ಕಂಡಷ್ಟೇ ಕಾಣೋದು. ಒಂದು ವರ್ಷ ಎರಡನೇದು ಕೊಡಬಾರದು. ಹತ್ತು ಕೊಟ್ರೆ ಕಲಿಯೋರು ಲೆನ್ಸು ನೋಡ್ತಾ ಕೂತ್ಕೋತಾರೆ. ಒಂದೇ ಇದ್ರೆ ಎದುರಿಗಿರೋದನ್ನ ನೋಡ್ತಾರೆ.”

ಎರಡನೆಯ ಉತ್ತರವೂ ಸರಿಯಾಗಿತ್ತು, ರಾಜ ಮೂರನೆಯದನ್ನು ಕೇಳಲು ಮುಂದಕ್ಕೆ ಬಾಗಿದ. ಸುಲಭದಲ್ಲಿ ಬಿಡುವ ಮನಸ್ಸು ಅವನಿಗಿರಲಿಲ್ಲ. “ದೂರದ್ದನ್ನು ಹತ್ತಿರ ತರುತ್ತದೆ, ಉಂಗುರವಿಲ್ಲ, ಗಾಜಿಲ್ಲ. ನನ್ನ ಖಜಾನೆಯಲ್ಲಿ ಅದಿಲ್ಲ, ನಿನ್ನ ಹತ್ತಿರ ಇದೆ. ಏನದು?”

ಚಿಕ್ಕತಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೆಂಪು ಹಗ್ಗ ಎತ್ತಿ ಅದರಡಿ ನುಸುಳಿ ನಡೆದೇಬಿಟ್ಟಳು. ಭಟರು ಕತ್ತಿ ಹಿರಿದರು. ಅವಳ ನಡಿಗೆ ನಿಧಾನಿಸಲಿಲ್ಲ. ಕತ್ತಿ ಕುತ್ತಿಗೆಗೆ ತಾಗುವ ಹೊತ್ತಿಗೆ ರಾಜನ ಎದುರು, ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಂತು ಪಟ ತೆಗೆದಾಗಿತ್ತು.

“ಕಾಲು, ಬುದ್ಧಿ,” ಎಂದಳು. “ಉತ್ತರ ಬಾಯಲ್ಲಿ ಹೇಳಿದ್ರೆ ನಂಬ್ತಿದ್ರಾ?”

ಒಗಟು ರಾಜನದೇ, ಉತ್ತರ ತಪ್ಪೆನ್ನುವಂತಿರಲಿಲ್ಲ. ಅವನು ಕತ್ತಿ ಇಳಿಸಲು ಸನ್ನೆ ಮಾಡಿದ. ಪಟವನ್ನು ಅವಳೇ ತೊಳೆದು, ಒಣಗಿಸಿ ತಂದುಕೊಟ್ಟಳು. ಅದರಲ್ಲಿ ಕಿರೀಟದಡಿ ನರೆತ ಕೂದಲಿತ್ತು, ಕಣ್ಣ ಕೆಳಗೆ ನಿದ್ದೆಗೆಟ್ಟ ಸುಕ್ಕುಗಳಿದ್ದವು. ಅವಳು ಕಿಂಡಿ ಕಿರಿದು ಮಾಡಿದ್ದರಿಂದ ಹಿಂದೆ ನಿಂತು ಚಾಮರ ಬೀಸುವ ಹೆಂಗಸಿನ ಮುಖವೂ ಚೊಕ್ಕವಾಗಿ ಬಂದಿತ್ತು.

“ನನಗೆ ಇಷ್ಟು ವಯಸ್ಸಾಗಿದೆಯೆಂದು ಯಾರೂ ಹೇಳಲಿಲ್ಲವಲ್ಲ,” ಎಂದ ರಾಜ.

“ಹೇಳಾಕೆ ಹತ್ರ ಬಿಟ್ಟಿದ್ರಾ ಬುದ್ಧಿ?”

ಬಹುಮಾನದ ನೂರೆಂಟು ಲೆನ್ಸು ತನಗೆ ಬೇಡ, ಇದೊಂದನ್ನೇ ಇನ್ನೂ ಪೂರ್ತಿ ಕಲಿತಿಲ್ಲ ಎಂದಳು. ಕಲಿಯಬೇಕೆಂದು ಯಾರೇ ಬಂದರೂ, ಆಳಾಗಲಿ ಅರಸಾಗಲಿ, ವರ್ಷಕ್ಕೊಂದರಂತೆ ಕೊಡಿ ಎಂದಳು. ಪಟ ತೆಗೆದವರೇ ಅದನ್ನು ತೊಳೆಯಬೇಕು, ವಿಕ್ರಾಂತ ಧನಪಾಲರ ಬೆರಳು ಅವರ ಕೈಯಲ್ಲೇ ಇರಬೇಕು, ಇಲ್ಲದಿದ್ದರೆ ಈ ಕೆಲಸ ತನಗೆ ಬೇಡ ಎಂದೂ ಸೇರಿಸಿದಳು. ರಾಜ ಎಲ್ಲಕ್ಕೂ ಹೂಂ ಎಂದ.

ಇಪ್ಪತ್ತು ಹೆಜ್ಜೆ ದೂರದ ಆ ಹಗ್ಗವನ್ನು ಅವಳೇ ಬಿಚ್ಚಿಕೊಂಡು ಹೋದಳು. ದೇವಸಾಗರದ ಪಟಗಳೆಲ್ಲ ಇವತ್ತಿಗೂ ಕತ್ತಲೆಕೋಣೆಯಲ್ಲಿ ಆ ಕೆಂಪು ಹಗ್ಗದ ಮೇಲೇ ಒಣಗುತ್ತವೆ.