ಬಾಲ ಹಿಡಿದ ದಂಡು

ಕೆರೆ ಏರಿಯ ಮಗ್ಗುಲಲ್ಲಿ ಒಂದು ಹಳೆಯ ಹುತ್ತ. ಅದರೊಳಗೆ ಉದ್ದ ಮೂತಿಯ ಸೊಂಡಿಲಿಗಳ ಸಂಸಾರ. ಮಕ್ಕಳೇ, ಸೊಂಡಿಲಿಗಳಿಗೆ ಕಣ್ಣು ಅಷ್ಟಕ್ಕಷ್ಟೇ. ಅದಕ್ಕೇ ಕತ್ತಲ ದಾರಿಯಲ್ಲಿ ಮುಂದಿನವರ ಬಾಲವನ್ನು ಹಿಂದಿನವರು ಕಚ್ಚಿ ಹಿಡಿದು ಸಾಲಾಗಿ ನಡೆಯುತ್ತಾರೆ.

ಆ ಹುತ್ತ ತಮಗೇ ಬೇಕೆಂದು ಪಕ್ಕದ ಹೊಲದ ಹೆಗ್ಗಣಗಳು ಯುದ್ಧ ಹೂಡಿದವು. ಬಿಸಿಲು ಕಾಯಿಸುತ್ತ ಕೂತಿದ್ದ ಬೊಚ್ಚುಬಾಯಿ ಸೊಂಡಿಲಿ ಕೆಂಚಜ್ಜನನ್ನು ಹೊತ್ತೊಯ್ದು ತಮ್ಮ ಬಿಲದ ತಳದಲ್ಲಿ ಸೆರೆಯಿಟ್ಟವು. ಹುತ್ತ ಬಿಟ್ಟುಕೊಡದಿದ್ದರೆ ಮೇಯ್ದು ಬಂದೊಡನೆ ಅಜ್ಜನನ್ನು ಮುಗಿಸುತ್ತೇವೆ ಎಂದು ಹೇಳಿಕಳಿಸಿ, ಸಂಜೆ ರಾಗಿ ಹೊಲಕ್ಕೆ ಹೋದವು. ಬಿಲದ ಬಾಗಿಲಲ್ಲಿ ಒಂದು ಮುದಿ ಹೆಗ್ಗಣ ತೂಕಡಿಸುತ್ತ ಕಾವಲು ಕೂತಿತು.

ಸೊಂಡಿಲಿಗಳ ದಂಡನಾಯಕ ಚೂಪಯ್ಯ. ತಬ್ಬಲಿಯಾಗಿದ್ದ ಅವನನ್ನು ಸಾಕಿ, ಬಾಲ ಹಿಡಿದು ನಡೆಯುವುದನ್ನು ಕಲಿಸಿದವನು ಕೆಂಚಜ್ಜನೇ. ಚೂಪಯ್ಯನಿಗೆ ಧೈರ್ಯಕ್ಕೇನೂ ಕಡಿಮೆಯಿರಲಿಲ್ಲ, ಮೂಗೂ ಚುರುಕು. ಆದರೆ ತನ್ನವರ ಮೇಲೆ ನಂಬಿಕೆ ಮಾತ್ರ ಸಾಸಿವೆ ಕಾಳಷ್ಟೂ ಇರಲಿಲ್ಲ.

ದಂಡು ಹಿಂದಿನ ಕಿಂಡಿಯಿಂದ ಬಿಲಕ್ಕೆ ನುಗ್ಗಿತು. ಮೊದಲ ತಿರುವಿನಲ್ಲೇ ಚೂಪಯ್ಯ, "ಎಲ್ಲರೂ ಇದ್ದೀರಾ?" ಎಂದು ಕೇಳಿದ. ನಾಯಕ ಕೇಳಿದ ಮೇಲೆ ಸುಮ್ಮನಿರಲಾದೀತೇ? ಪಾಪ, "ಇದ್ದೀವಿ" ಎನ್ನಲು ಎಲ್ಲರೂ ಬಾಯಿ ತೆರೆದರು. ಬಾಯಿ ತೆರೆದೊಡನೆ ಬಾಲ ಜಾರಿತು. ಒಬ್ಬರು ಆ ಕವಲಿಗೆ, ಇನ್ನೊಬ್ಬರು ಈ ಕವಲಿಗೆ ನುಗ್ಗಿ ಡಿಕ್ಕಿ ಹೊಡೆದುಕೊಂಡರು. ಕಾವಲಿನ ಹೆಗ್ಗಣ ಕೆಮ್ಮಿದ್ದೇ ತಡ, ಎದ್ದೆವೋ ಬಿದ್ದೆವೋ ಎಂದು ಹೊರಗೋಡಿದರು.

ಇಂಥವರನ್ನು ಕಟ್ಟಿಕೊಂಡು ಅಜ್ಜನನ್ನು ಬಿಡಿಸುವುದುಂಟೇ ಎಂದು ಚೂಪಯ್ಯ ರೇಗಿದ. ಸಾಲಿನಲ್ಲಿ ಅವನ ಬೆನ್ನಿಗೇ ನಡೆಯುವ ಸಿಂಗಾರಿ ಮೆಲ್ಲಗೆ ಹೇಳಿದಳು: "ಅಣ್ಣಾ, ಬಾಲ ಹಿಡಿದ ಬಾಯಲ್ಲಿ ಉತ್ತರ ಎಲ್ಲಿಂದ ಬರಬೇಕು? ನಾವು ಸುಮ್ಮನಿದ್ದರೆ ಇದ್ದೀವಿ ಅಂತಲೇ ತಿಳಿ."

ಎರಡನೇ ಸಲ ಬಿಲಕ್ಕೆ ನುಗ್ಗಿದಾಗ ಚೂಪಯ್ಯ ತುಟಿ ಪಿಟಕ್ಕೆನ್ನಲಿಲ್ಲ. ತಿರುವು ಬಂದಾಗಲೆಲ್ಲ ನಾಲಿಗೆ ತುರಿಸಿತು, ತಡೆದುಕೊಂಡ. ಕೊನೆಗೂ ಅಜ್ಜ ಸಿಕ್ಕ. ಆದರೆ ಹೊರಡುವಾಗ ಹೊಸ ಪೇಚು. ಹಲ್ಲಿಲ್ಲದ ಅಜ್ಜ ಬಾಲ ಕಚ್ಚುವುದು ಹೇಗೆ?

"ನಾನು ಮುಂದೆ ಹೋಗ್ತೀನಿ, ನನ್ನ ಬಾಲ ನೀನು ಹಿಡಿ ಮಗಾ," ಎಂದ ಅಜ್ಜ. "ಹಲ್ಲು ಹೋಗಿದೆ, ಮೂಗು ಹೋಗಿಲ್ಲ."

ದಂಡನಾಯಕ ಅಜ್ಜನ ಬಾಲ ಕಚ್ಚಿದ. ಈಗ ಕೇಳಬೇಕೆಂದರೂ ಕೇಳುವಂತಿಲ್ಲ. ಅಜ್ಜ ದಾರಿ ತಪ್ಪಿದರೆ? ಹಿಂದೆ ಯಾರಾದರೂ ಉಳಿದುಬಿಟ್ಟರೆ? ಆಗ ತನ್ನ ಬಾಲವನ್ನು ಸಿಂಗಾರಿ ಬಿಗಿಯಾಗಿ ಹಿಡಿದಿರುವುದು ಅರಿವಾಯಿತು. ಪ್ರತಿ ದಂಡಯಾತ್ರೆಯಲ್ಲೂ, ಇವನು ಕೇಳಿ ಬಾಯಿ ತೆರೆಸುವವರೆಗೂ, ಅವಳು ಹಾಗೇ ಹಿಡಿದಿದ್ದಳು, ಇವನೇ ಗಮನಿಸಿರಲಿಲ್ಲ. ಚೂಪಯ್ಯನ ಮನಸ್ಸು ತುಂಬಿ ಬಂತು.

ಹೆಗ್ಗಣಗಳು ಹೊಲದಿಂದ ಮರಳಿದಾಗ ಸೆರೆಮನೆ ಖಾಲಿ. ಬೆದರಿಸಲು ಇನ್ನು ಅವುಗಳ ಬಳಿ ಏನೂ ಇರಲಿಲ್ಲ.

ಹುತ್ತದೊಳಗೆ ಬಂದು ನಿಂತರೂ ಚೂಪಯ್ಯ ಬಾಲ ಬಿಡಲಿಲ್ಲ. ಅಜ್ಜ ನಕ್ಕು, "ಬಿಡೋ, ಮನೆ ಬಂತು. ಎಲ್ಲರೂ ಬಂದರಾ ಅಂತ ಕೇಳಲ್ವಾ?" ಎಂದ.

ಚೂಪಯ್ಯ ಬಾಲ ಬಿಟ್ಟು, ಹಿಂದಿರುಗಿಯೂ ನೋಡದೆ ಹೇಳಿದ: "ಬಂದಿದ್ದಾರೆ ಅಜ್ಜಾ."

ನೀತಿ: ದಂಡು ನಾಯಕನನ್ನು ನಂಬಿದರೆ ಸಾಲದು, ನಾಯಕನೂ ದಂಡನ್ನು ನಂಬಬೇಕು.