ಮಂಡಿಬಂಡೆ

ಆಲ್ಪ್ಸ್ ಪರ್ವತದ ತಪ್ಪಲಿನಲ್ಲಿ, ಸರೋವರವೊಂದರ ಮೇಲ್ಗಡೆ, ಬೆನೆಡಿಕ್ಟ್ ಸಂತನ ನಿಯಮ ಪಾಲಿಸುತ್ತಿದ್ದ ಸನ್ಯಾಸಿಗಳ ಪಾಳುಮಠವೊಂದಿದೆ. ಮಾಡು ಕುಸಿದು ಎಷ್ಟೋ ಕಾಲವಾಯಿತು. ಹಗಲೂ ಇರುಳೂ ಸ್ತೋತ್ರ ಹಾಡುತ್ತಿದ್ದ ಜಾಗದಲ್ಲಿ ಈಗ ಆಡುಗಳು ಮೇಯುತ್ತವೆ. ಆದರೂ ಸಂಜೆಯಾಯಿತೆಂದರೆ ಹಿಂಬದಿಯ ಸ್ಮಶಾನದ ಕಡೆ ಊರವರು ಯಾರೂ ಸುಳಿಯುವುದಿಲ್ಲ. ಅಲ್ಲಿನ ಒಂದು ಸಮಾಧಿಕಲ್ಲನ್ನು ಅವರು ತಮ್ಮ ಭಾಷೆಯಲ್ಲಿ ಮಂಡಿಬಂಡೆ ಎಂದು ಕರೆಯುತ್ತಾರೆ.

ಹಿಂದೆ ಒಮ್ಮೆ ಈ ಮಠದಲ್ಲಿ ವಾಲ್ಡೊ ಎಂಬ ವೃದ್ಧ ಗಾಯನಗುರುಗಳಿದ್ದರಂತೆ. ಸತ್ತ ಸನ್ಯಾಸಿಯನ್ನು ಮಣ್ಣು ಮಾಡುವಾಗ ಅವರೊಬ್ಬರೇ ಹಾಡುವ ಗೀತೆಯೊಂದಿತ್ತು. ಅದನ್ನು ಕೇಳದ ಜೀವಕ್ಕೆ ವಿಶ್ರಾಂತಿಯಿಲ್ಲವೆಂದು ಅಲ್ಲಿನವರ ನಂಬಿಕೆ. ಗೀತೆ ಇದ್ದದ್ದು ಒಂದೇ ಒಂದು ಚರ್ಮದ ಹಾಳೆಯಲ್ಲಿ, ಸ್ವರದ ಏರಿಳಿತ ತೋರುವ ಹಳೆಯ ಗುರುತುಗಳಲ್ಲಿ. ಗೆರೆಗಳ ಮೇಲೆ ಸ್ವರ ಬರೆಯುವ ಹೊಸ ಕ್ರಮ ಬಂದಾಗ, ಲಿಪಿಕಾರನಾಗಿದ್ದ ಶಿಷ್ಯ ಔಟ್ಮಾರ್‌ಗೆ ತಡೆದುಕೊಳ್ಳಲಾಗಲಿಲ್ಲ. ಗುರುಗಳಿಗೆ ಬಾಯಿಪಾಠವಿದೆ, ಹಾಡಿಸಿ ಅದೇ ಹಾಳೆಯಲ್ಲಿ ಬರೆದುಕೊಂಡರಾಯಿತು ಎಂದುಕೊಂಡು ಹಳೆಯ ಗುರುತುಗಳನ್ನೆಲ್ಲ ಚಾಕುವಿನಿಂದ ಹೆರೆದುಹಾಕಿದ. ಪುಣ್ಯಾತ್ಮನಿಗೆ ಅಷ್ಟು ಅವಸರ. ಮೂರನೆಯ ದಿನ ಗುರುಗಳು ತೀರಿಕೊಂಡರು. ಹಾಡಿಲ್ಲದೆಯೇ ಅವರನ್ನು ಮಣ್ಣು ಮಾಡಬೇಕಾಯಿತು.

ಮರುದಿನ ಸಂಜೆ ಅವನು ಸಮಾಧಿಯ ಬಳಿ ಅಳುತ್ತಿದ್ದಾಗ ಕಲ್ಲಿನಡಿಯಿಂದ ಗೀತೆಯ ಮೊದಲ ಸಾಲು ಕೇಳಿಸಿತು ಎನ್ನುತ್ತಾರೆ. ಅವನೂ ಅದನ್ನು ಹಾಡಿದ. ಸ್ವರ ತಪ್ಪಿತು. ಒಳಗಿನಿಂದ ಗುರುಗಳ ಊರುಗೋಲು ಟಕ್ಕೆಂದು ಬಡಿಯಿತು, ಬದುಕಿದ್ದಾಗ ಬಡಿಯುತ್ತಿದ್ದ ಹಾಗೆಯೇ. ತಪ್ಪಿ ಹಾಡಿದವನು ನಿಂತಲ್ಲೇ ಮಂಡಿಯೂರಬೇಕೆಂಬುದು ಮಠದ ಕಟ್ಟಳೆ. ಅವನು ಆ ಕಲ್ಲಿನ ಮೇಲೆಯೇ ಮಂಡಿಯೂರಿದ. ಹೀಗೆ ಒಂದೊಂದೇ ಸಾಲು ಕಲಿತ. ಕೊನೆಯ ಸಾಲು ಮಾತ್ರ ವರ್ಷಗಳುರುಳಿದರೂ ಬರಲಿಲ್ಲ. ದಿನವೂ ತಪ್ಪುತ್ತಿದ್ದ, ದಿನವೂ ಕೋಲು ಬಡಿಯುತ್ತಿತ್ತು.

ಕಡೆಗೆ ಮಠಾಧಿಪತಿಗಳು ಅವನ ಬಳಿ ಬಂದು ನಿಂತರು. “ಉಳಿದದ್ದೆಲ್ಲ ಬಂತು, ಇದೊಂದು ಸಾಲು ಬರಲಿಲ್ಲವೇನಪ್ಪ?”

“ಸರಿಯಾಗಿ ಹಾಡಿದರೆ ಅವರು ಹೊರಟುಹೋಗುತ್ತಾರೆ, ಸ್ವಾಮಿ.”

“ಹಾಗಂತ ಆ ಮುದಿಜೀವವನ್ನು ಇನ್ನೆಷ್ಟು ದಿನ ಎಚ್ಚರವಾಗಿ ಕೂರಿಸುತ್ತೀಯ?”

ಔಟ್ಮಾರ್‌ಗೆ ನಾಚಿಕೆಯಾಯಿತು. ಆ ಸಂಜೆ ಗೀತೆಯನ್ನು ಕೊನೆಯವರೆಗೂ ತಪ್ಪಿಲ್ಲದೆ ಹಾಡಿದ. ಕೋಲು ಬಡಿಯಲಿಲ್ಲ. ಕತ್ತಲಾಗುವವರೆಗೂ ಕಾದು, ತಪ್ಪಿಲ್ಲದಿದ್ದರೂ ಮಂಡಿಯೂರಿದ.

ಮರುದಿನವೂ ಬಂದ. ಬೇಕೆಂದೇ ಕೊನೆಯ ಸಾಲನ್ನು ತಪ್ಪಿ ಹಾಡಿ ಕಿವಿಗೊಟ್ಟು ಕಾದ. ಸಾಯುವತನಕ ಅದೇ ಅವನ ಸಂಜೆಯಾಯಿತಂತೆ. ಇಂದಿಗೂ ಹೋದವರು ಆ ಕಲ್ಲಿನ ಮೇಲೆ ಸವೆದ ಎರಡು ಕುಳಿಗಳನ್ನು ನೋಡಬಹುದು. ಹೊತ್ತು ಮುಳುಗುವಾಗ ಅಲ್ಲಿ ನಿಂತರೆ ತಪ್ಪಿದ ಒಂದು ಸ್ವರ ಕೇಳುತ್ತದೆ ಎನ್ನುತ್ತಾರೆ; ಅದನ್ನು ತಿದ್ದುವ ಕೋಲಿನ ಸದ್ದು ಕೇಳಿದವರು ಯಾರೂ ಇಲ್ಲ.